ಎಷ್ಟು ನೀರು ಬದಲಾಯಿಸಿದೆ?

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ. ನಮ್ಮ ಕೆಳಮನೆಯ ಹುಡುಗಿ ಸ್ಟೀಲ್ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ವಿಜಯಪುರದ ಕಡೆಯವಳು, ಮದುವೆಯಾಗಿ ಬೆಂಗಳೂರಿಗೆ ಬಂದು ಎರಡು ವರ್ಷ. ‘ಅಕ್ಕಾರ, ಇದರ ರುಚೀನ ಹಿಂಗ ಏನ್ರಿ? ಬಾಯಾಗ ಇಡಾಕ ಆಗವಲ್ದು’ ಎಂದಳು.

ಬಟ್ಟಲಲ್ಲಿ ಇದ್ದದ್ದು ಕಳಲೆ ಪಲ್ಯ. ಗಂಡ ಯಾವಾಗಲೋ ಶಿವಮೊಗ್ಗದ ಗೆಳೆಯನ ಮನೆಯಲ್ಲಿ ತಿಂದಿದ್ದನಂತೆ. ಮಾರ್ಕೆಟ್ಟಿನಲ್ಲಿ ಬಿದಿರಿನ ಮೊಳಕೆ ಗುಡ್ಡೆ ಹಾಕಿಕೊಂಡು ಕೂತವರನ್ನು ಕಂಡು ಆಸೆಪಟ್ಟು ತಂದಿದ್ದ. ಇವಳು ಫೋನಿನಲ್ಲಿ ಒಂದು ವಿಡಿಯೊ ನೋಡಿ, ಹೆಚ್ಚಿ, ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ ಒಗ್ಗರಣೆ ಹಾಕಿದ್ದಳು. ಬೆಳಿಗ್ಗೆ ತಂದದ್ದು ಮಧ್ಯಾಹ್ನಕ್ಕೆ ಪಲ್ಯ. ಇಬ್ಬರೂ ಒಂದೊಂದು ತುತ್ತಿಗೇ ನಿಲ್ಲಿಸಿದ್ದರು, ಪುಣ್ಯ.

ನಾನು ಬೆರಳ ತುದಿಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿ ಉಗಿದೆ. ಆಮೇಲೆ ಊರಿಗೆ ಫೋನ್ ಮಾಡಿದೆ. ಹೊಸನಗರದ ಹತ್ತಿರದ ಹಳ್ಳಿಯಲ್ಲಿರುವ ಅಮ್ಮ ಕಥೆ ಪೂರ್ತಿ ಕೇಳುವ ಪೈಕಿಯಲ್ಲ. ‘ಎಷ್ಟು ನೀರು ಬದಲಾಯಿಸಿದಾಳೆ?’ ಅಂದಳು. ಒಂದೂ ಇಲ್ಲ ಎಂದೆ. ‘ಹಾಗಾದ್ರೆ ಚೆಲ್ಲು. ಬಟ್ಟಲು ತೊಳೆದು ಕೊಡು.’

ನಮ್ಮ ಕಡೆ ಕಳಲೆ ಅಡುಗೆ ಗಂಟೆಗಳ ಲೆಕ್ಕದ್ದಲ್ಲ, ದಿನಗಳ ಲೆಕ್ಕದ್ದು. ಮೊದಲು ಹೊರಗಿನ ಪೊರೆ ಒಂದೊಂದಾಗಿ ಸುಲಿಯಬೇಕು. ಅದರ ಮೇಲೆ ಕಂದು ಬಣ್ಣದ ಸಣ್ಣ ಸುಂಕು ಇರುತ್ತದೆ, ಕೈಗೆ ಚುಚ್ಚಿದರೆ ಎರಡು ದಿನ ಉರಿ. ಒಳಗೆ ದಂತದ ಬಣ್ಣದ ತಿರುಳು, ನಡುವೆ ಏಣಿಯ ಮೆಟ್ಟಿಲಿನಂತೆ ಪದರ ಪದರ ಟೊಳ್ಳು. ಅಮ್ಮ ಈಳಿಗೆ ಮಣೆಯ ಮೇಲೆ ಕೂತು ಅದನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತಾಳೆ. ಬಿಲ್ಲೆ ಎಷ್ಟು ತೆಳ್ಳಗಿರಬೇಕೆಂದರೆ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣಬೇಕು. ಆಮೇಲೆ ಬಕೆಟ್ಟಿನಲ್ಲಿ ಮುಳುಗುವಷ್ಟು ನೀರು. ಮಾರನೆಯ ಬೆಳಿಗ್ಗೆ ಆ ನೀರಿಗೆ ತೆಳು ಹಳದಿ ಬಣ್ಣ, ಮೂಗಿಗೆ ಅಡರುವ ಒಂದು ವಾಸನೆ. ಅದನ್ನು ಚೆಲ್ಲಿ ಹೊಸ ನೀರು. ಮೂರು ದಿನ ಇದೇ. ಮೂರನೆಯ ದಿನ ಬಾಯಿ ತೆರೆದ ಪಾತ್ರೆಯಲ್ಲಿ ಕುದಿಸಿ, ಆ ನೀರನ್ನೂ ಬಸಿದು, ಆಮೇಲೆ ಪಲ್ಯವೋ ಹುಳಿಯೋ, ಮೊಳಕೆ ಬಂದ ಹೆಸರುಕಾಳಿನ ಜೊತೆಗಿನ ಗಸಿಯೋ.

ಚೆಲ್ಲುವ ಆ ನೀರಿಗೂ ಒಂದು ಕಟ್ಟಳೆ ಇತ್ತು. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು ಎಲ್ಲ ಹೋಗುತ್ತಿದ್ದದ್ದು ಕೊಟ್ಟಿಗೆಯ ಕಲಗಚ್ಚಿನ ಬಾನಿಗೆ. ಕಳಲೆ ನೀರು ಮಾತ್ರ ಅಲ್ಲಿಗೆ ಹೋಗಕೂಡದು. ಚಿಕ್ಕವಳಿದ್ದಾಗ ಒಮ್ಮೆ ಗೊತ್ತಿಲ್ಲದೆ ಸುರಿದು ಬೆನ್ನಿಗೆ ಏಟು ತಿಂದಿದ್ದೇನೆ. ಯಾಕೆ ಎಂದು ಅಮ್ಮನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಾಕೆ ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಎಳೆ ಬಿದಿರು ತನ್ನನ್ನು ತಾನು ಕಾಯಲು ಸಯನೈಡ್ ಇಟ್ಟುಕೊಂಡಿರುತ್ತದೆ, ಆದರೆ ಬೀಗ ಹಾಕಿ. ಸಕ್ಕರೆಯ ಅಣುವಿಗೆ ಕಟ್ಟಿದ ಟ್ಯಾಕ್ಸಿಫಿಲಿನ್ ಎಂಬ ವಸ್ತುವಾಗಿ ಅದು ಜೀವಕೋಶದ ಒಂದು ಕೋಣೆಯಲ್ಲಿರುತ್ತದೆ, ಬೀಗ ತೆಗೆಯುವ ಕಿಣ್ವ ಬೇರೆ ಕೋಣೆಯಲ್ಲಿ. ಹಂದಿಯೋ ಹುಳವೋ ಕಚ್ಚಿದಾಗ ಗೋಡೆ ಒಡೆದು ಎರಡೂ ಬೆರೆಯುತ್ತವೆ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಈಳಿಗೆ ಮಾಡುವುದೂ ಅದೇ ಕೆಲಸ. ಹೆಚ್ಚಿದಷ್ಟೂ ಹೆಚ್ಚು ಗೋಡೆ ಒಡೆಯುತ್ತದೆ, ಹೆಚ್ಚು ವಿಷ ಹೊರಬಂದು ನೀರಿಗಿಳಿಯುತ್ತದೆ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಗೇ ಕುದಿಯುವ ವಸ್ತು, ಹೋಗಲು ದಾರಿ ಸಿಕ್ಕರೆ ಹೋಗಿಯೇಬಿಡುತ್ತದೆ. ತೆರೆದ ಪಾತ್ರೆಯಲ್ಲಿ 20 ನಿಮಿಷ ಕುದಿಸಿದರೆ ಸುಮಾರು ಶೇ 70ರಷ್ಟು ಕಳೆಯುತ್ತದೆ ಎಂಬ ಲೆಕ್ಕವಿದೆ. ಅದಕ್ಕೆ ಮೊದಲೇ ಮೂರು ದಿನ ನೀರಿನಲ್ಲಿ ಇಟ್ಟಿದ್ದರೆ ಉಳಿಯುವುದು ಅತ್ಯಲ್ಪ. ಅಷ್ಟನ್ನು ನಮ್ಮ ದೇಹವೇ ಗಂಧಕದ ಜೊತೆ ಕಟ್ಟಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕೆಳಮನೆಯ ಪಲ್ಯದಲ್ಲಿ ಆದದ್ದು ತದ್ವಿರುದ್ಧ. ಹೋಳು ದಪ್ಪ, ಮೇಲೆ ಕುಕ್ಕರಿನ ಮುಚ್ಚಳ, ಬೆಂದ ನೀರೂ ಅದರಲ್ಲೇ ಇಂಗಿತ್ತು.

ಸಯನೈಡ್ ಎಂದ ಕೂಡಲೇ ಹುಡುಗಿಯ ಮುಖ ಬಿಳಿಚಿಕೊಂಡಿತು. ತಲೆನೋವು, ತಲೆಸುತ್ತು, ವಾಂತಿ, ಏದುಸಿರು ಏನಾದರೂ ಉಂಟೇ ಎಂದು ಕೇಳಿದೆ, ಇದ್ದಿದ್ದರೆ ಆಸ್ಪತ್ರೆಗೇ ಓಡಬೇಕಿತ್ತು. ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತವಳು ತಟಕ್ಕನೆ, ‘ನಮ್ಮ ಹೊಲದಾಗ ಕೂಳಿ ಜ್ವಾಳ ತಿಂದು ಆಕಳ ಸತ್ತಿತ್ತರೀ ಅಕ್ಕಾರ. ಇದೂ ಹಂಗ ಏನ್ರಿ?’ ಎಂದಳು.

ಹಾಗೆಯೇ. ನನಗೆ ಹೊಳೆಯದ ನಂಟು ಅವಳಿಗೆ ಹೊಳೆದಿತ್ತು. ಬಿದಿರೂ ಜೋಳವೂ ಹುಲ್ಲಿನ ಕುಲದವು. ಎಳೆ ಜೋಳದ ಪೈರಿನಲ್ಲಿರುವ ಧುರಿನ್, ಕಳಲೆಯ ಟ್ಯಾಕ್ಸಿಫಿಲಿನ್ ಎರಡೂ ಒಂದೇ ಅಣುವಿನ, ಒಂದು ಕಡೆ ಮಾತ್ರ ಎಡಗೈ ಬಲಗೈಯಂತೆ ಬೇರೆಯಾದ ರೂಪಗಳು. ಕೊಯ್ಲಾದ ಮೇಲೆ ಕೂಳೆಯಿಂದ ಚಿಗುರಿದ ಜೋಳಕ್ಕೆ, ಮಳೆ ಕೈಕೊಟ್ಟು ಕುಳ್ಳಾಗಿ ನಿಂತ ಪೈರಿಗೆ ದನ ಬಿಡಬಾರದು ಎಂದು ಬಯಲುಸೀಮೆಯ ರೈತರಿಗೆ ಯಾರೂ ರಸಾಯನಶಾಸ್ತ್ರ ಹೇಳಿಕೊಡಬೇಕಿಲ್ಲ. ಬಲಿತ ಜೋಳದ ಕಾಳಿನಲ್ಲಿ ಈ ತೊಂದರೆ ಇಲ್ಲ, ರೊಟ್ಟಿ ನಿಶ್ಚಿಂತೆಯಿಂದ ತಿನ್ನಿ. ಆದರೆ ಸಿರಿಧಾನ್ಯದ ಈ ಸುಗ್ಗಿಯಲ್ಲಿ ಎಲ್ಲ ಕಾಳನ್ನೂ ಮೊಳಕೆ ಬರಿಸಿ ಹಸಿಯಾಗಿ ಮೆಲ್ಲುವವರು ಹೆಚ್ಚಿದ್ದಾರೆ. ಹೆಸರಿನ ಮೊಳಕೆ ಬೇರೆ, ಜೋಳದ ಮೊಳಕೆ ಬೇರೆ. ಜೋಳ ಮೊಳೆತಾಗ ಆ ಚಿಗುರಿನಲ್ಲಿ ಇದೇ ಧುರಿನ್ ತುಂಬಿಕೊಳ್ಳುತ್ತದೆ. ಅದನ್ನು ಸಲಾಡಿಗೆ ಉದುರಿಸಬೇಡಿ.

ಕಹಿ ಎಂದರೆ ನಮಗೆ ಥಟ್ಟನೆ ಬೇವುಬೆಲ್ಲ ನೆನಪಾಗುತ್ತದೆ, ಬದುಕಿನ ಸಿಹಿಕಹಿಯ ಭಾಷಣ ಶುರುವಾಗುತ್ತದೆ. ಆ ಭಾಷಣ ಇಲ್ಲಿ ಬೇಡ. ಅಡುಗೆಮನೆಯ ಕಹಿ ಮೊದಲಿಗೆ ಒಂದು ಎಚ್ಚರಿಕೆ. ಸಿಹಿಯನ್ನು ಗುರುತಿಸಲು ನಾಲಗೆಗೆ ಮುಖ್ಯವಾಗಿ ಒಂದು ಜೋಡಿ ಗ್ರಾಹಕ ಸಾಕಾಗಿದೆ, ಕಹಿಗೆ ಮಾತ್ರ ಸುಮಾರು 25 ಬಗೆಯವು. ಮಕ್ಕಳು ಹಾಗಲಕಾಯಿ ಕಂಡರೆ ಮುಖ ಸಿಂಡರಿಸುವುದು ಹಟದಿಂದಲ್ಲ, ಕಹಿ ಕಂಡರೆ ಉಗಿ ಎಂದು ನಾಲಗೆ ಹೇಳುವುದೇ ಹಾಗೆ. ಹಾಗಲದ ಕಹಿ ಹಾಗಲಕ್ಕೆ ಸಹಜ. ತಲೆಮಾರುಗಳಿಂದ ತಿಂದು ನೋಡಿ ನಾವು ಅದನ್ನು ನಂಬಿದ್ದೇವೆ. ಕಹಿ ಇರಬಾರದ ಕಡೆ ಬಂದಾಗಲೇ ಗಾಬರಿಯಾಗಬೇಕು.

ಸೋರೆಕಾಯಿಯ ವಿಚಾರ ನೋಡಿ. ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಯಾವುದೇ ಪಾರ್ಕಿನ ಗೇಟಿಗೆ ಹೋದರೂ ಮಡಚುವ ಟೇಬಲ್ಲಿನ ಮೇಲೆ ಜ್ಯೂಸ್ ಕ್ಯಾನುಗಳು. ಹಾಗಲ, ಬೂದುಗುಂಬಳ, ನೆಲ್ಲಿ, ಗರಿಕೆ, ಸೋರೆ. ವಾಕಿಂಗ್ ಮುಗಿಸಿದ ನಿವೃತ್ತರು ಮೂಗು ಹಿಡಿದುಕೊಂಡು ಗಟಗಟ ಕುಡಿಯುತ್ತಾರೆ. ಕಹಿಯಾದಷ್ಟೂ ಔಷಧಿ ಎಂಬ ನಂಬಿಕೆ. ಸೋರೆಯ ಮಟ್ಟಿಗೆ ಈ ನಂಬಿಕೆ ಪ್ರಾಣ ತೆಗೆದಿದೆ. ಕಹಿ ಸೋರೆರಸ ಕುಡಿದು ಜನ ಸತ್ತ ಪ್ರಕರಣಗಳು ಬಂದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯೊಂದನ್ನು ಕೂರಿಸಿತು. ಸಮಿತಿಯ ಮುಖ್ಯ ಸಲಹೆ ನಮ್ಮ ಅಜ್ಜಿಯಂದಿರ ಮಾತಿನಂತೆಯೇ ಇತ್ತು. ರಸ ಹಿಂಡುವ ಮೊದಲು ಒಂದು ಸಣ್ಣ ಹೋಳು ಕಚ್ಚಿ ನೋಡಿ, ಕಹಿಯಿದ್ದರೆ ಉಗಿದು ಕಾಯಿಯನ್ನೇ ಬಿಸಾಡಿ.

ಈ ಕಹಿಯ ಹೆಸರು ಕುಕರ್ಬಿಟಾಸಿನ್. ಸೌತೆ, ಸೋರೆ, ಹೀರೆ, ಕುಂಬಳ, ಈ ಕುಲದ ಕಾಡು ಗಿಡಗಳಲ್ಲೆಲ್ಲ ಇದು ತುಂಬಿರುತ್ತದೆ. ಊರಿನ ತಳಿಗಳಲ್ಲಿ ಸಾವಿರಾರು ವರ್ಷ ಆರಿಸಿ ಆರಿಸಿ ಇದನ್ನು ಕಡಿಮೆ ಮಾಡಿದ್ದೇವೆ. ಬಿಸಿಲು ಹೆಚ್ಚಾದರೆ, ನೀರು ಸಾಲದಾದರೆ ಮತ್ತೆ ಹೆಡೆ ಎತ್ತುತ್ತದೆ. ಬೇಲಿಯ ಮೇಲಿನ ಕಾಡು ಸೋರೆಯ ಪರಾಗ ಬಿದ್ದರೂ ತೊಂದರೆಯೇ. ಆ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಅದರ ಬೀಜ ಹಾಕಿ ಬೆಳೆಸಿದ ಬಳ್ಳಿಯ ಕಾಯಿ ಕಹಿಯಾಗಬಹುದು. ಟೆರೇಸಿನಲ್ಲಿ ಸ್ವಂತ ಬೀಜ ಇಟ್ಟುಕೊಂಡು ಬೆಳೆಯುವವರು ಇದನ್ನು ಮರೆಯಬಾರದು. ‘ಮನೆಯಲ್ಲೇ ಬೆಳೆದದ್ದು, ಔಷಧಿ ಹೊಡೆದಿಲ್ಲ’ ಎಂಬುದು ಈ ಕಹಿಗೆ ಉತ್ತರವಲ್ಲ.

ಕಳಲೆಗೂ ಸೋರೆಗೂ ವ್ಯತ್ಯಾಸ ಇಲ್ಲಿದೆ. ಕಳಲೆಯ ವಿಷ ನೀರಿಗೆ, ಬೆಂಕಿಗೆ ಬಗ್ಗುತ್ತದೆ. ಕುಕರ್ಬಿಟಾಸಿನ್ ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿದರೆ ಅಡಗುತ್ತದೆ ಅಷ್ಟೇ. ಮಿಕ್ಸಿಗೆ ಹಾಕಿ ಶುಂಠಿ, ಪುದೀನ, ನಿಂಬೆ ಬೆರೆಸಿದರೆ ನಾಲಗೆಗೆ ಸುಳಿವೂ ಸಿಗುವುದಿಲ್ಲ. ಎರಡು ಮೂರು ತರಕಾರಿಯ ರಸ ಬೆರೆಸಿ ಕುಡಿಯುವುದು ಇದಕ್ಕೇ ಅಪಾಯ. ಹಾಗಲದ ಕಹಿಯ ಹಿಂದೆ ಸೋರೆಯ ಕಹಿ ಅವಿತುಕೊಳ್ಳುತ್ತದೆ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾದರೆ ಮಜ್ಜಿಗೆ ಕುಡಿದು ಮಲಗುವಂತಿಲ್ಲ. ರಕ್ತವಾಂತಿಯಾಗಬಹುದು, ಬಿಪಿ ಕುಸಿಯಬಹುದು. ಇದಕ್ಕೆ ಪ್ರತಿವಿಷ ಇಲ್ಲ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಕಾಯಬೇಕು.

ಎಳೆ ಸೌತೆಯ ತುದಿ ಕೊಯ್ದು, ಉಪ್ಪು ಹಚ್ಚಿ, ಅದೇ ತುಂಡಿನಿಂದ ನೊರೆ ಬರುವ ತನಕ ತಿಕ್ಕುವುದನ್ನು ಎಲ್ಲರ ಮನೆಯಲ್ಲೂ ನೋಡಿದ್ದೇವೆ. ತಿಕ್ಕುವುದರಿಂದ ಇಡೀ ಕಾಯಿಯ ಕಹಿ ಹೊರಬರುತ್ತದೆ ಎಂಬುದನ್ನು ನಾನು ನಂಬಲಾರೆ. ಆದರೆ ಕಹಿ ಹೆಚ್ಚಿರುವುದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಅಡಿಯಲ್ಲಿ. ತೊಟ್ಟು ಕೊಯ್ದು ಬಿಸಾಡುವುದು, ಮೊದಲ ಹೋಳು ಅಡುಗೆಯವಳ ಬಾಯಿಗೆ ಹೋಗುವುದು, ಇವೆರಡೂ ಸರಿಯಾದ ಕೆಲಸವೇ. ನೊರೆ ಬರಿಸುವುದು ಮಕ್ಕಳ ಆಟಕ್ಕಿರಲಿ.

ಶೇಂಗಾ ತಿನ್ನುವಾಗ ನಡುವೆ ಒಂದು ಕಹಿ ಬೀಜ ಸಿಕ್ಕಿ ಬಾಯೆಲ್ಲ ಕೆಡುತ್ತದಲ್ಲ, ಅದನ್ನು ನಾಚಿಕೊಂಡು ನುಂಗುವವರನ್ನು ಕಂಡಿದ್ದೇನೆ. ಉಗಿಯಿರಿ. ಮುದುಡಿದ, ಬಣ್ಣ ಕೆಟ್ಟ, ಮುಗ್ಗಿದ ಬೀಜದಲ್ಲಿ ಬೂಷ್ಟು ಬೆಳೆದಿರಬಹುದು. ಆ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಶೇಂಗಾ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಕಾರಣ ಹುಡುಕುತ್ತ ಹೋದರೆ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು. ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣ, ಹುರಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಚಟ್ನಿಪುಡಿ ಕುಟ್ಟುವ ಮೊದಲು ಬೀಜವನ್ನು ಮೊರದಲ್ಲಿ ಹರಡಿ ಆರಿಸಬೇಕು. ಬೆಳ್ಳುಳ್ಳಿ, ಖಾರದಪುಡಿ ಸೇರಿದ ಮೇಲೆ ಯಾವ ನಾಲಗೆಯೂ ಅದನ್ನು ಹಿಡಿಯಲಾರದು.

ನಾಲಗೆ ಪೂರ್ತಿ ಸೋಲುವ ಒಂದು ಜಾಗವೂ ಇದೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ದಿನ ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ನಸುಕಿನಲ್ಲಿ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಪದ್ಧತಿ. ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ಸೋಸಿ, ಕಾಯಿಸಿದ ಬಿಳಿಕಲ್ಲು ಅದಕ್ಕೆ ಹಾಕಿದಾಗ ಚುಂಯ್ ಎನ್ನುತ್ತದೆ. ಮೇಲೆ ಮೆಂತ್ಯೆ ಗಂಜಿ. ಈ ಕಷಾಯ ಎಂಥ ಕಹಿ ಎಂದು ಕುಡಿದವರನ್ನೇ ಕೇಳಬೇಕು. ಕತ್ತಲಲ್ಲಿ ಅದರ ಬದಲು ಕೈಗೆ ಸಿಗಬಹುದಾದ ಕಾಸರಕನ ಮರದ ತೊಗಟೆಯೂ ಕಹಿಯೇ, ಅದರಲ್ಲಿರುವುದು ಸ್ಟ್ರಿಕ್ನಿನ್, ಸ್ನಾಯುಗಳನ್ನು ಬಿಲ್ಲಿನಂತೆ ಸೆಟೆಸಿ ಕೊಲ್ಲುವ ವಿಷ. ಕಹಿಯೇ ಬೇಕೆಂದು ಕುಡಿಯುವವನಿಗೆ ಕಹಿ ಏನು ಎಚ್ಚರಿಕೆ ಕೊಟ್ಟೀತು? ಅಲ್ಲಿ ಉಳಿಸುವುದು ಮರದ ಪರಿಚಯ ಒಂದೇ. ಕಾರ್ಕಳದ ಕಡೆಯ ನನ್ನ ಸೋದರಮಾವ ಹಿಂದಿನ ಸಂಜೆ ಬೆಳಕಿರುವಾಗಲೇ ಹೋಗಿ ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು. ಮರವನ್ನು ಕರೆಯುವುದು ಎನ್ನುತ್ತಿದ್ದರು, ನಾವು ನಗುತ್ತಿದ್ದೆವು. ಕತ್ತಲಲ್ಲಿ ಕೈತಪ್ಪದಿರಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಹೊಳೆದಿಲ್ಲ. ಒಂದು ಗಂಟಿಗೆ ಸುಮಾರು ಏಳು ಎಲೆ, ಗಾಯ ಮಾಡಿದರೆ ಹಾಲು, ಇವು ಹಾಲೆಯ ಗುರುತು. ಹಾಗೆಂದು ಓದಿದ್ದನ್ನೇ ನಂಬಿ ಕಾಡಿಗೆ ಹೋಗಬೇಡಿ, ಹಾಲು ಸುರಿಸುವ ಬೇರೆ ವಿಷದ ಮರಗಳೂ ಇವೆ. ಮರ ಬಲ್ಲವರು ಮನೆಯಲ್ಲಿಲ್ಲವಾದರೆ ಆ ವರ್ಷ ಮೆಂತ್ಯೆ ಗಂಜಿ ಮಾತ್ರ ಸಾಕು.

ನಾಲಗೆಗೂ ಮೂಗಿಗೂ ಸಿಗದ ಅಪಾಯ ಎಂದರೆ ಅನ್ನದ್ದು. ಮಧ್ಯಾಹ್ನ ಮಿಕ್ಕ ಅನ್ನ ಕುಕ್ಕರಿನಲ್ಲೇ ಕೂತು, ರಾತ್ರಿ ಕಳೆದು, ಬೆಳಿಗ್ಗೆ ಚಿತ್ರಾನ್ನವಾಗುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಮತ್ತೆ ಚಿಗುರಿ ವಾಂತಿ ತರುವ ವಿಷ ಬಿಡುತ್ತವೆ. ಒಗ್ಗರಣೆಯ ಬಿಸಿಗೆ ಆ ವಿಷ ಜಗ್ಗುವುದಿಲ್ಲ. ಅನ್ನ ಹಳಸಿದಂತೆ ವಾಸನೆಯೂ ಬರಬೇಕೆಂದಿಲ್ಲ. ಇಲ್ಲಿ ಗಡಿಯಾರ ನೋಡುವುದೊಂದೇ ದಾರಿ. ಅನ್ನ ಬೆಂದು ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ಹರಡಿ, ಆರಿಸಿ, ಫ್ರಿಜ್ಜಿಗೆ. ಅಮ್ಮನ ಮನೆಯಲ್ಲಿ ಫ್ರಿಜ್ ಬರುವ ಮುಂಚೆ ಮಿಕ್ಕ ಅನ್ನ ಕೊಟ್ಟಿಗೆಗೋ ನಾಯಿಗೋ ಹೋಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಮಿಗುವಷ್ಟು ಮಾಡುತ್ತಲೇ ಇರಲಿಲ್ಲ.

ಪ್ರಕೃತಿ ಎಚ್ಚರಿಕೆ ಕೊಡದ ಕಡೆ ಮನುಷ್ಯನೇ ಅದನ್ನು ತಂದು ಹಚ್ಚಿದ್ದೂ ಉಂಟು. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದರಲ್ಲಿ 1937ರ ಮಾರ್ಚ್ 18ರಂದು ವಾಸನೆಯಿಲ್ಲದ ಅನಿಲ ನೆಲದಡಿ ತುಂಬಿಕೊಂಡು ಸಿಡಿದು ಸುಮಾರು 300 ಜನ, ಹೆಚ್ಚಿನವರು ಮಕ್ಕಳು, ಸತ್ತರು. ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಲೇಬೇಕೆಂಬ ಕಾನೂನುಗಳು ಬಂದದ್ದು ಆ ಮಕ್ಕಳ ಸಾವಿನ ಮೇಲೆ. ನಮ್ಮ ಸಿಲಿಂಡರಿನ ಕೊಳೆತ ಕೋಸಿನಂಥ ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ವಸ್ತುವಿನದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹಾಸಿಕೊಂಡು ಮಲಗುತ್ತದೆ. ನಾತ ಬಂದಾಗ ಲೈಟ್ ಹಾಕಲೂಬಾರದು, ಆರಿಸಲೂಬಾರದು, ಎಕ್ಸಾಸ್ಟ್ ಫ್ಯಾನ್ ಮುಟ್ಟಲೇಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು. ನೆಗಡಿ ಹಿಡಿದವರಿಗೆ, ವಯಸ್ಸಾದವರಿಗೆ, ಕೋವಿಡ್ ಆದಮೇಲೆ ಮೂಗು ಮಂಕಾದವರಿಗೆ ಈ ನಾತ ತಿಳಿಯದೆ ಹೋಗಬಹುದು. ನಮ್ಮನೆಯಲ್ಲಿ ಮೂಗು ಮಂಕಾದವಳು ನಾನೇ. ಹಾಗಾಗಿ ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡುವುದು ಅಭ್ಯಾಸವಾಗಿದೆ, ಕಿತ್ತಳೆ ಬಣ್ಣದ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಸಿಲಿಂಡರ್ ತರುವ ಹುಡುಗನನ್ನು ನಿಲ್ಲಿಸಿ, ಹಿಡಿಯ ಕೆಳಗಿನ ಪಟ್ಟಿಯ ಮೇಲೆ ಬರೆದ ಅಕ್ಷರ ಓದುತ್ತೇನೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ, ಸಿ, ಡಿ ಮುಂದಿನ ಮೂರು ಮೂರು ತಿಂಗಳು, ಪಕ್ಕದಲ್ಲಿ ಇಸವಿ. ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಾದ ಗಡುವು ಅದು. ಗಡುವು ದಾಟಿದ್ದನ್ನು ಒಮ್ಮೆ ವಾಪಸ್ ಕಳಿಸಿದ್ದೇನೆ. ‘ಇದನ್ನೆಲ್ಲ ಯಾರೂ ನೋಡಲ್ಲ ಮೇಡಂ’ ಎಂದು ಗೊಣಗುತ್ತಲೇ ಹೊತ್ತುಕೊಂಡು ಹೋದ.

ಈ ಸಲ ಮಳೆ ಹಿಡಿದು ವಾರವಾಗಿತ್ತು. ಕೆಳಮನೆಯ ಹುಡುಗಿಯಿಂದ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ. ನೀಲಿ ಬಕೆಟ್ಟಿನ ತುಂಬ ನೀರು, ತಳದಲ್ಲಿ ಬಿಳಿ ಹೋಳುಗಳು. ಕೆಳಗೆ, ‘ಎರಡನೇ ನೀರು ಅಕ್ಕಾರ.’ ಖುಷಿಯಾಗಿ ಅದನ್ನು ಅಮ್ಮನಿಗೆ ಕಳಿಸಿದೆ. ಅಮ್ಮ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿರಬೇಕು, ಐದು ನಿಮಿಷ ಬಿಟ್ಟು ಫೋನ್ ಮಾಡಿದಳು.

‘ಹೋಳು ದಪ್ಪ ಆಯ್ತು. ಬಿಲ್ಲೆ ಮಾಡಿ ಇನ್ನೂ ಎರಡು ನೀರು ಬದಲಾಯಿಸೋಕೆ ಹೇಳು.’